ಹಾಲ್ಟಿಂಗ್ ಬಸ್ಸಿಗೆ ಹೈಡ್ರೋಜನ್: ಮಲೆನಾಡಲ್ಲಿ ಟೆಸ್ಟ್ ಮಾಡೋದಾದ್ರೆ ಎಂತ ಟೆಸ್ಟ್ ಮಾಡ್ಬೇಕು

ನಮ್ಮ ಕಡೆ ಹಾಲ್ಟಿಂಗ್ ಬಸ್ಸು ಅಂದ್ರೆ ಎಲ್ರಿಗೂ ಗೊತ್ತು. ಸಂಜೆ ಶಿವಮೊಗ್ಗದಿಂದನೋ ಸಾಗರದಿಂದನೋ ಹೊರಟು, ಎಲ್ಲ ಕ್ರಾಸಲ್ಲೂ ನಿಂತು, ರಾತ್ರಿ ಎಂಟೂವರೆ ಒಂಬತ್ತಕ್ಕೆ ಕೊನೇ ಊರು ಮುಟ್ಟಿ, ಅಲ್ಲೇ ಅರಳಿಕಟ್ಟೆ ಪಕ್ಕನೋ ಶಾಲೆ ಮೈದಾನದಲ್ಲೋ ಮಲಗಿ, ಬೆಳಿಗ್ಗೆ ಆರಕ್ಕೆ ವಾಪಸ್ ಹೊರಡೋ ಬಸ್ಸು. ಹೊಸನಗರ ತಾಲೂಕಿನ ನಮ್ಮೂರಿಗೂ ಒಂದು ಬರತ್ತೆ. ಕಾಲೇಜು ಹುಡುಗ್ರು, ಡೈರಿಗೆ ಹಾಲು ಹಾಕೋರು, ಆಸ್ಪತ್ರೆಗೆ ಹೋಗೋ ಅಜ್ಜ ಅಜ್ಜಿ ಎಲ್ಲ ಅದ್ರಲ್ಲೇ. ಆಷಾಢದ ಮಳೇಲಿ ಒಂದ್ಸಲ ಮೂರು ದಿನ ಕರೆಂಟಿಲ್ಲ, ಮರ ಬಿದ್ದು ಲೈನ್ ಕಡಿದು ಹೋಗಿತ್ತು, ಊರಲ್ಲಿ ಒಂದು ಮೊಬೈಲೂ ಚಾರ್ಜ್ ಇಲ್ಲ, ಆದ್ರೆ ಬೆಳಿಗ್ಗೆ ಆರಕ್ಕೆ ಡ್ರೈವರ್ ಕೀ ತಿರುಗಿಸಿದ್ರು, ಎಂಜಿನ್ ಎರಡು ಸಲ ಕೆಮ್ಮಿ ಶುರುವಾಯ್ತು, ಬಸ್ಸು ಹೋಯ್ತು.

ಹೈಡ್ರೋಜನ್ ಬಸ್ಸಿನ ಸುದ್ದಿ ಓದಿದಾಗೆಲ್ಲ ನಂಗೆ ಆ ಬೆಳಿಗ್ಗೆನೇ ನೆನಪಾಗೋದು. ಡೀಸೆಲ್ ಬಿಡ್ಬೇಕು ಅನ್ನೋದ್ರಲ್ಲಿ ನಂಗೆ ಅನುಮಾನ ಇಲ್ಲ, ಇಲ್ಲಿ ಮಳೆ ಹೇಗೆ ಬದಲಾಗ್ತಿದೆ, ಅಡಿಕೆಗೆ ಕೊಳೆ ಹೇಗೆ ಬರ್ತಿದೆ ಅಂತ ತೋಟ ಇರೋರಿಗೆ ಯಾರೂ ಹೇಳಿಕೊಡ್ಬೇಕಿಲ್ಲ. ಆದ್ರೆ ಡೀಸೆಲ್ ಬಿಟ್ಟು ಯಾವುದಕ್ಕೆ ಹೋಗೋದು ಅನ್ನೋ ಪ್ರಶ್ನೆಗೆ ಡೆಲ್ಲಿಯ ಫ್ಲಾಟ್ ರೋಡಲ್ಲಿ ಸಿಕ್ಕ ಉತ್ತರ ಈ ಕೊನೇ ಊರಿಗೆ ಆಗಲ್ಲ, ಇಲ್ಲಿಯದನ್ನ ಇಲ್ಲೇ ಹುಡುಕ್ಬೇಕು.

ಈಗ ದೇಶದಲ್ಲಿ ಏನೇನ್ ನಡೀತಿದೆ ನೋಡಿ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ತು, 19,744 ಕೋಟಿ ರೂಪಾಯಿ, 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಹಸಿರು ಹೈಡ್ರೋಜನ್, ಅಂದ್ರೆ ಬಿಸಿಲು ಗಾಳಿ ಥರದ ಮುಗಿಯದ ಮೂಲದಿಂದ ಮಾಡಿದ ಹೈಡ್ರೋಜನ್, ಮಾಡೋ ಗುರಿ. ಅದೇ ವರ್ಷ ಸೆಪ್ಟೆಂಬರಲ್ಲಿ ಡೆಲ್ಲಿಲಿ ಇಂಡಿಯನ್ ಆಯಿಲ್‌ನೋರ ಫ್ಯುಯೆಲ್ ಸೆಲ್ ಬಸ್ಸುಗಳು, ಅಂದ್ರೆ ಹೈಡ್ರೋಜನ್ನಿಂದ ಕರೆಂಟ್ ಮಾಡ್ಕೊಂಡು ಓಡೋವು, ರಸ್ತೆಗೆ ಇಳಿದ್ವು, ಬಸ್ಸು ಟಾಟಾ ಮೋಟಾರ್ಸ್‌ದು, ಒಟ್ಟು 15 ಬಸ್ಸು ಸೇರಿ 3 ಲಕ್ಷ ಕಿಲೋಮೀಟರಿಗಿಂತ ಜಾಸ್ತಿ ಓಡಿಸಿ ನೋಡೋದು ಅಂತ ಪ್ಲಾನ್. ಆಮೇಲೆ 2025ರ ಮಾರ್ಚಲ್ಲಿ ಐದು ಪೈಲಟ್ ಪ್ರಾಜೆಕ್ಟಿಗೆ ಮಂಜೂರಾತಿ ಸಿಕ್ತು, ಬಸ್ಸು ಲಾರಿ ಸೇರಿ 37 ಗಾಡಿ, 9 ಹೈಡ್ರೋಜನ್ ಬಂಕು, 10 ರೂಟು. ಭುವನೇಶ್ವರ–ಕೊನಾರ್ಕ್–ಪುರಿ ಇದೆ, ಪುಣೆ–ಮುಂಬೈ ಇದೆ, ಪಕ್ಕದ ಕೇರಳದಲ್ಲಿ ತಿರುವನಂತಪುರ–ಕೊಚ್ಚಿ ಇದೆ. ಕರ್ನಾಟಕದ ಒಂದು ರೂಟೂ ಇಲ್ಲ. ಆ 37ರಲ್ಲಿ ಫ್ಯುಯೆಲ್ ಸೆಲ್ ಇರೋದು 15 ಮಾತ್ರ, ಉಳಿದ 22 ಗಾಡಿಗಳು ಹೈಡ್ರೋಜನ್‌ನ ಎಂಜಿನ್ನಲ್ಲೇ ಸುಡೋವು, ಎರಡಕ್ಕೂ ಹೈಡ್ರೋಜನ್ ಗಾಡಿ ಅಂತಲೇ ಹೇಳ್ತಾರೆ ಆದ್ರೆ ಒಳಗಿನ ಕೆಲಸ ಬೇರೆ ಬೇರೆ.

ಫ್ಯುಯೆಲ್ ಸೆಲ್ ಅಂದ್ರೆ ಸುಡೋ ಎಂಜಿನ್ ಅಲ್ಲ. ಬಸ್ಸಿನ ಟಾಪಲ್ಲಿ ಸಿಲಿಂಡರ್‌ಗಳಲ್ಲಿ 350 ಬಾರ್ ಒತ್ತಡದಲ್ಲಿ, ಅಂದ್ರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 350 ಪಟ್ಟಲ್ಲಿ, ಹೈಡ್ರೋಜನ್ ತುಂಬಿರ್ತಾರೆ. ಅದು ತೆಳ್ಳಗಿನ ಪೊರೆಯ ಒಂದು ಕಡೆ ಬರತ್ತೆ, ಇನ್ನೊಂದು ಕಡೆ ಹೊರಗಿನ ಗಾಳಿ. ಪ್ಲಾಟಿನಂ ಲೇಪದ ಮೇಲೆ ಹೈಡ್ರೋಜನ್ ಒಡೆದು ಪ್ರೋಟಾನು ಪೊರೆ ದಾಟಿ ಆಚೆ ಹೋಗತ್ತೆ, ಎಲೆಕ್ಟ್ರಾನು ದಾಟಕ್ಕಾಗದೆ ವೈರಲ್ಲಿ ಸುತ್ತಿ ಬರತ್ತೆ, ಆ ಸುತ್ತಿ ಬರೋದೇ ಕರೆಂಟು. ಆಚೆ ಕಡೆ ಆಮ್ಲಜನಕದ ಜತೆ ಸೇರಿ ನೀರಾಗತ್ತೆ. ಒಂದು ಸೆಲ್ಲು ಕೊಡೋದು ಒಂದು ವೋಲ್ಟಿಗೂ ಕಡಿಮೆ, ಅದಕ್ಕೇ ನೂರಾರು ಸೆಲ್ಲು ಪುಸ್ತಕದ ಹಾಳೆ ಥರ ಜೋಡಿಸಿರ್ತಾರೆ. ಆ ಕರೆಂಟಲ್ಲಿ ಮೋಟಾರ್ ತಿರುಗತ್ತೆ. ಅಂದ್ರೆ ಇದೂ ಎಲೆಕ್ಟ್ರಿಕ್ ಬಸ್ಸೇ, ಬ್ಯಾಟರಿಯೂ ಇರತ್ತೆ ಆದ್ರೆ ಸಣ್ಣದು, ಹೊರೋದು ಕರೆಂಟಲ್ಲ, ಕರೆಂಟ್ ಮಾಡ್ಕೊಳ್ಳೋ ಸಾಮಾನು.

ಮಲೆನಾಡಿಗೆ ಇದು ತೀರಾ ಹೊಸ ನೆಂಟನೂ ಅಲ್ಲ ಅನ್ಸತ್ತೆ ನಂಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ರೇಷನ್ ಬಂದಾಗ ಇದ್ದಿಲು ಬಸ್ಸು ಓಡ್ತಿದ್ವಲ್ಲ, ಹಿಂದುಗಡೆ ಒಂದು ದೊಡ್ಡ ಒಲೆ ಕಟ್ಟಿ, ಕ್ಲೀನರ್ ಹ್ಯಾಂಡಲ್ ತಿರುಗಿಸಿ ಗಾಳಿ ಹಾಕಿ ಕೆಂಡ ಮಾಡಿ, ಆ ಗ್ಯಾಸಲ್ಲಿ ಎಂಜಿನ್ ಓಡಿಸ್ತಿದ್ರು. ಅಜ್ಜಂದಿರು ಹೇಳ್ತಿದ್ರು, ಏರು ಬಂದ್ರೆ ಎಲ್ರೂ ಇಳಿದು ತಳ್ಳೋದು ಅಂತ. ಆ ಗ್ಯಾಸಲ್ಲಿ ಕಾರ್ಬನ್ ಮಾನಾಕ್ಸೈಡ್ ಜತೆ ಸ್ವಲ್ಪ ಹೈಡ್ರೋಜನ್ನೂ ಇರ್ತಿತ್ತು. ಈ ಇದ್ದಿಲಿನ ವಿಷಯ ಮುಂದೆ ಮತ್ತೆ ಬರತ್ತೆ, ನೆನಪಿಟ್ಕೊಳ್ಳಿ.

ಈಗ ಲೆಕ್ಕ. ಇದನ್ನ ಸ್ವಲ್ಪ ನಿಧಾನವಾಗೇ ನೋಡ್ಬೇಕು, ಯಾಕಂದ್ರೆ ಹೊಗೆ ಬರಲ್ಲ ಬರೀ ನೀರು ಬರತ್ತೆ ಅನ್ನೋ ಒಂದೇ ಸಾಲಲ್ಲಿ ಎಲ್ರೂ ನಿಂತು ಬಿಡ್ತಾರೆ. 12 ಮೀಟರಿನ ಒಂದು ಫ್ಯುಯೆಲ್ ಸೆಲ್ ಬಸ್ಸಿಗೆ 100 ಕಿಲೋಮೀಟರಿಗೆ ಹೆಚ್ಚುಕಮ್ಮಿ 8 ಕೆಜಿ ಹೈಡ್ರೋಜನ್ ಬೇಕು. ನೀರನ್ನ ಒಡೆದು ಒಂದು ಕೆಜಿ ಹೈಡ್ರೋಜನ್ ಮಾಡಿ ಒತ್ತಿ ತುಂಬೋದಕ್ಕೆ ಸುಮಾರು 55 ಯೂನಿಟ್ ಕರೆಂಟ್ ಹೋಗತ್ತೆ. 8ಕ್ಕೆ 440 ಯೂನಿಟ್. ಅದೇ ಅಳತೆಯ ಬ್ಯಾಟರಿ ಬಸ್ಸಿಗೆ ಚಾರ್ಜಿಂಗಲ್ಲಿ ಲಾಸ್ ಆಗೋದೂ ಸೇರಿ 140 ಯೂನಿಟ್ ಸಾಕು. ಅಂದ್ರೆ ಒಂದೇ ದೂರಕ್ಕೆ ಮೂರು ಪಟ್ಟು ಕರೆಂಟು. ಯೂನಿಟ್ಟಿಗೆ 6 ರೂಪಾಯಿ ಅಂತ ಹಿಡಿದ್ರೆ ಹೈಡ್ರೋಜನ್ ಬಸ್ಸಿನ ಕರೆಂಟ್ ಖರ್ಚೇ ಕಿಲೋಮೀಟರಿಗೆ 26 ರೂಪಾಯಿ ದಾಟತ್ತೆ, ಅದ್ರಲ್ಲಿ ಮೆಷಿನ್ ರೇಟು ಬಂಕಿನ ರೇಟು ಇನ್ನೂ ಸೇರಿಲ್ಲ. ಬ್ಯಾಟರಿಗೆ 8 ರೂಪಾಯಿ ಚಿಲ್ಲರೆ. ಲೀಟರಿಗೆ 5 ಕಿಲೋಮೀಟರ್ ಕೊಡೋ ಡೀಸೆಲ್ ಬಸ್ಸಿಗೆ, ಡೀಸೆಲ್ 90 ರೂಪಾಯಿ ಅಂದ್ರೂ, 18. ಹೆಂಗಸರಿಗೆ ಫ್ರೀ ಬಸ್ ಬಂದ್ಮೇಲೆ ಸೀಟು ಸಾಲದೆ ಹೆಚ್ಚು ಬಸ್ಸು ಬಿಡಿ ಅಂತ ಊರೂರಲ್ಲಿ ಕೇಳ್ತಿರೋವಾಗ, ಒಂದು ಹೈಡ್ರೋಜನ್ ಬಸ್ಸಿನ ಕರೆಂಟಲ್ಲಿ ಮೂರು ಬ್ಯಾಟರಿ ಬಸ್ಸು ಓಡಿಸಬಹುದು ಅನ್ನೋದು ಸಣ್ಣ ಮಾತಲ್ಲ.

ಹೊಗೆ ಲೆಕ್ಕ ಇನ್ನೂ ಗಾಬರಿ ಹುಟ್ಟಿಸತ್ತೆ. ಆ ಡೀಸೆಲ್ ಬಸ್ಸು 100 ಕಿಲೋಮೀಟರಿಗೆ ಬಿಡೋದು 54 ಕೆಜಿ ಕಾರ್ಬನ್ ಡೈಆಕ್ಸೈಡ್. ಇವತ್ತು ದೇಶದ ರಿಫೈನರಿ, ಗೊಬ್ಬರದ ಕಾರ್ಖಾನೆಗಳಲ್ಲಿ ಬಳಸೋ ಹೈಡ್ರೋಜನ್ ಬಹುಪಾಲು ನೈಸರ್ಗಿಕ ಅನಿಲದಿಂದ ಮಾಡಿದ್ದು, ಅದ್ರಲ್ಲಿ ಒಂದು ಕೆಜಿಗೆ 9ರಿಂದ 10 ಕೆಜಿ ಕಾರ್ಬನ್ ಡೈಆಕ್ಸೈಡ್ ಅಲ್ಲೇ ಕಾರ್ಖಾನೇಲೇ ಹೊರಗೆ ಹೋಗಿರತ್ತೆ. 8 ಕೆಜಿಗೆ 70–80 ಕೆಜಿ ಆಯ್ತು, ಡೀಸೆಲ್‌ಗಿಂತ ಜಾಸ್ತಿ! ಇನ್ನು ಮಾಮೂಲಿ ಗ್ರಿಡ್ ಕರೆಂಟಲ್ಲಿ ನೀರು ಒಡೆದ್ರೆ, ದೇಶದ ಸರಾಸರಿ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ 0.7 ಕೆಜಿ ಅಂದ್ಕೊಂಡ್ರೂ, 300 ಕೆಜಿ ದಾಟತ್ತೆ. ಬಸ್ಸಿನ ಹಿಂದೆ ತೊಟ್ಟಿಕ್ಕೋದು ಶುದ್ಧ ನೀರು, ಹೊಗೆ ಎಲ್ಲೋ ರಾಯಚೂರಿನ ಚಿಮಣೀಲಿ. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಈ ಲೆಕ್ಕದಲ್ಲಿ ಬ್ಯಾಟರಿ ಬಸ್ಸೂ ತೊಳೆದ ಮುತ್ತಲ್ಲ, ಅದೇ ಸರಾಸರಿ ಗ್ರಿಡ್ಡಲ್ಲಿ ಅದಕ್ಕೂ 100 ಕೆಜಿ ಹತ್ತಿರ ಬರತ್ತೆ, ನಮ್ಮ ರಾಜ್ಯದ ಗ್ರಿಡ್ಡಲ್ಲಿ ನೀರು ಗಾಳಿ ಬಿಸಿಲಿನ ಪಾಲು ಜಾಸ್ತಿ ಇರೋದ್ರಿಂದ ಇಲ್ಲಿ ಅದಕ್ಕಿಂತ ಕಡಿಮೆ, ಗ್ರಿಡ್ ಸುಧಾರಿಸಿದ ಹಾಗೆ ತಾನಾಗೇ ಇನ್ನೂ ಇಳಿಯತ್ತೆ. ಹೈಡ್ರೋಜನ್‌ಗೂ ಹಾಗೇ ಇಳಿಯತ್ತೆ, ಆದ್ರೆ ಮೂರು ಪಟ್ಟು ಅನ್ನೋದು ಹಾಗೇ ಉಳಿಯತ್ತೆ.

ಅದಕ್ಕೇ ನಾನು ಹೇಳೋದು, ಟೆಸ್ಟ್ ಆಗ್ಬೇಕಾದ್ದು ಬಸ್ಸಲ್ಲ. ಬಸ್ಸು ಓಡತ್ತೆ, ಅದು ಯಾವತ್ತೋ ಗೊತ್ತಾಗಿದೆ. 2003ರಿಂದ ಯುರೋಪಿನ ಒಂಬತ್ತು ಊರುಗಳಲ್ಲಿ, ಲಂಡನ್, ಹ್ಯಾಂಬರ್ಗ್, ಮ್ಯಾಡ್ರಿಡ್, ಸ್ಟಾಕ್‌ಹೋಮ್ ಅಂತೆಲ್ಲ, ಊರಿಗೆ ಮೂರರ ಹಾಗೆ 27 ಬಸ್ಸು ಓಡಿಸಿ ನೋಡಿದಾರೆ. ಅಮೆರಿಕದ ಓಕ್‌ಲ್ಯಾಂಡ್ ಕಡೆ ಒಂದೇ ಫ್ಯುಯೆಲ್ ಸೆಲ್ಲು 25,000 ಗಂಟೆ ಮೇಲೆ ಓಡಿದ್ದೂ ದಾಖಲೆ ಇದೆ. ಹೈಡ್ರೋಜನ್ ಎಲ್ಲಿಂದ ಬರತ್ತೆ, ಎಷ್ಟಕ್ಕೆ ಬರತ್ತೆ ಅನ್ನೋದು ಟೆಸ್ಟ್ ಆಗ್ಬೇಕು.

ಕೆನಡಾದ ವಿಸ್ಲರ್ ಕಥೆ ಮಲೆನಾಡಿನೋರು ತಿಳ್ಕೊಂಡಿರ್ಲೇಬೇಕು, ಯಾಕಂದ್ರೆ ಅದೂ ಬೆಟ್ಟದೂರು. 2010ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿ 20 ಹೈಡ್ರೋಜನ್ ಬಸ್ಸು ಬಿಟ್ರು, ಆಗ ಜಗತ್ತಲ್ಲೇ ಒಂದು ಜಾಗದಲ್ಲಿ ಅಷ್ಟು ಬಸ್ಸು ಇರ್ಲಿಲ್ಲ. ಬೆಟ್ಟ ಹತ್ತಿದ್ವು, ಹಿಮದಲ್ಲೂ ಓಡಿದ್ವು. ಆದ್ರೆ ಹೈಡ್ರೋಜನ್ ಮಾತ್ರ ದೇಶದ ಇನ್ನೊಂದು ತುದಿ ಕ್ವಿಬೆಕ್‌ನಿಂದ ಲಾರೀಲಿ ಬರ್ತಿತ್ತು, ಸಾವಿರಾರು ಕಿಲೋಮೀಟರ್, ಡೀಸೆಲ್ ಲಾರೀಲಿ. 2014ರಲ್ಲಿ ನಿಲ್ಲಿಸಿದ್ರು, ಮತ್ತೆ ಡೀಸೆಲ್ ಬಸ್ಸು ಬಂತು. ನಾಳೆ ಶಿವಮೊಗ್ಗಕ್ಕೆ ಎರಡು ಹೈಡ್ರೋಜನ್ ಬಸ್ಸು ಕೊಟ್ಟು, ಗ್ಯಾಸನ್ನ ಮಂಗಳೂರಿಂದಲೋ ಚೆನ್ನೈಯಿಂದಲೋ ಟ್ಯೂಬ್ ಟ್ರೈಲರಲ್ಲಿ, ಅಂದ್ರೆ ಉದ್ದ ಸಿಲಿಂಡರ್ ಹೊತ್ತ ಲಾರೀಲಿ, ಘಾಟಿ ಹತ್ತಿಸಿ ತರಿಸಿದ್ರೆ ನಮ್ಮದೂ ಅದೇ ಕಥೆ. ಆ ಟ್ರೈಲರಿನ ಕಷ್ಟ ಏನಂದ್ರೆ ಸಿಲಿಂಡರಿನ ತೂಕನೇ ಎಲ್ಲ, ಗ್ಯಾಸು ಅದ್ರ ಎದುರು ಏನೇನೂ ಅಲ್ಲ, ಟನ್‌ಗಟ್ಟಲೆ ಉಕ್ಕು ಹೊತ್ಕೊಂಡು ಬಂದು ಕೊಡೋದು ಕೆಲವು ನೂರು ಕೆಜಿ.

ಫ್ರಾನ್ಸಿನ ಮಾಂಪೆಲ್ಯೆ ಊರಿನೋರು ಇನ್ನೂ ಮುಂಚೆನೇ ಎಚ್ಚೆತ್ರು. 51 ಹೈಡ್ರೋಜನ್ ಬಸ್ಸಿಗೆ ಆರ್ಡರ್ ಕೊಡೋ ಪ್ಲಾನಿತ್ತು, 2022ರ ಜನವರಿಯಲ್ಲಿ ಲೆಕ್ಕ ಹಾಕಿ ನೋಡಿದ್ರೆ ಹೈಡ್ರೋಜನ್‌ಗೆ ಕಿಲೋಮೀಟರಿಗೆ 95 ಸೆಂಟ್, ಬ್ಯಾಟರಿಗೆ 15 ಸೆಂಟ್, ಕೈಬಿಟ್ರು.

ಇದಕ್ಕೆ ಎದುರಾಗಿ ಲೇಹ್ ಇದೆ. ಅಲ್ಲಿ ಕೇಂದ್ರ ಸರ್ಕಾರದ ಕರೆಂಟ್ ಕಂಪನಿ ಎನ್‌ಟಿಪಿಸಿಯೋರು 3,500 ಮೀಟರಿಗಿಂತ ಎತ್ತರದಲ್ಲಿ, 1.7 ಮೆಗಾವಾಟಿನ ಸೋಲಾರ್ ಹಾಕಿ, ದಿನಕ್ಕೆ 80 ಕೆಜಿ ಹೈಡ್ರೋಜನ್ ಮಾಡೋ ಘಟಕ ಕಟ್ಟಿ, ಊರೊಳಗೆ ಓಡೋಕೆ ಐದು ಬಸ್ಸು ಕೊಟ್ಟಿದಾರೆ. ಅದ್ರಲ್ಲಿ ನಂಗೆ ಇಷ್ಟ ಆದ ವಿಷಯ ಎತ್ತರ ಅಲ್ಲ, ಗ್ಯಾಸು ಅಲ್ಲೇ ಹುಟ್ಟಿ ಅಲ್ಲೇ ಖರ್ಚಾಗತ್ತೆ ಅನ್ನೋದು.

ಹಾಗಾದ್ರೆ ಮಲೆನಾಡಲ್ಲಿ ಎಲ್ಲಿಂದ? ತಕ್ಷಣ ಎಲ್ರ ಬಾಯಲ್ಲಿ ಬರೋದು ಶರಾವತಿ. ಜೋಗದಲ್ಲಿ 1948ರಿಂದ ಕರೆಂಟ್ ಮಾಡ್ತಿದೀವಿ, ಲಿಂಗನಮಕ್ಕಿ ಕಟ್ಟಿ ಆರು ದಶಕ ದಾಟ್ತು, ಶರಾವತಿ ಪವರ್ ಹೌಸ್ ಒಂದೇ 1,035 ಮೆಗಾವಾಟು. ನೀರಿನ ಕರೆಂಟು, ಹೊಗೆ ಇಲ್ಲ, ಅದ್ರಲ್ಲಿ ಹೈಡ್ರೋಜನ್ ಮಾಡಿದ್ರೆ ಆಯ್ತಲ್ಲ ಅಂತ. ಆದ್ರೆ ಆ ಕರೆಂಟ್ ಸುಮ್ನೆ ಕೂತಿಲ್ಲ, ಇವತ್ತೇ ಯಾರ್ದೋ ಮನೆ ದೀಪ, ಯಾರ್ದೋ ಪಂಪ್‌ಸೆಟ್ ಆಗಿದೆ, ಅದನ್ನ ತಗೊಂಡು ಹೈಡ್ರೋಜನ್ ಮಾಡಿದ್ರೆ ಅವ್ರಿಗೆ ಕಲ್ಲಿದ್ದಲು ಸುಟ್ಟು ಕೊಡ್ಬೇಕು. ಹೊಸ ಸೋಲಾರು ಹೊಸ ಗಾಳಿ ಕರೆಂಟು ಅಂತ ಪ್ರತ್ಯೇಕ ಹಾಕಿದ್ರೆ ಮಾತ್ರ ಹಸಿರು. ಇನ್ನೊಂದು, ನೇರವಾಗಿ ಹೇಳ್ತೀನಿ, ಹೈಡ್ರೋಜನ್ ಹೆಸರಲ್ಲಿ ಇನ್ನೊಂದು ಎಕರೆ ಕಾಡು ಹೋಗೋದಾದ್ರೆ ಆ ಬಸ್ಸು ನಮಗೆ ಬೇಡ. ತಳಕಳಲೆ, ಗೇರುಸೊಪ್ಪ ನಡುವಿನ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನ ಮೇಲಿನ ಡ್ಯಾಮಿಗೆ ಪಂಪ್ ಮಾಡಿಟ್ಟು, ಬೇಕಾದಾಗ ಬಿಟ್ಟು ಕರೆಂಟ್ ಮಾಡೋದು) ವಿಚಾರದಲ್ಲೇ ಸಿಂಹಬಾಲದ ಕೋತಿ ಇರೋ ಕಾಡಿನ ಬಗ್ಗೆ ಜನ ಇಷ್ಟು ಹೊಡೆದಾಡ್ತಿದಾರೆ. ಲಿಂಗನಮಕ್ಕಿಗೆ ಊರು ಮುಳುಗಿಸ್ಕೊಂಡು ಬಂದ ಸಂತ್ರಸ್ತರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೀತಿದಾರೆ. ಹಿನ್ನೀರಿನ ಆಚೆ ಊರುಗಳಿಗೆ ಸೇತುವೆ ಮೇಲೆ ಬಸ್ಸಲ್ಲಿ ಹೋಗೋ ಭಾಗ್ಯ ಬಂದಿದ್ದೇ 2025ರ ಜುಲೈಲಿ, ಸಿಗಂದೂರು ಸೇತುವೆ ಆದ್ಮೇಲೆ, ಅಲ್ಲೀವರೆಗೂ ಲಾಂಚೇ ಗತಿ. ದೇಶಕ್ಕೆ ಕರೆಂಟ್ ಕೊಟ್ಟ ನೆಲ ಇದು, ಮತ್ತೊಂದ್ಸಲ ಕೊಡಿ ಅಂತ ಕೇಳೋ ಮುಂಚೆ ಅದನ್ನ ಯೋಚಿಸ್ಬೇಕು.

ನಂಗೆ ಹೆಚ್ಚು ಆಸೆ ಇರೋದು ಅಡಿಕೆ ಸಿಪ್ಪೆ ಮೇಲೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಕೊಯ್ಲಿನ ಕಾಲದಲ್ಲಿ ರಸ್ತೆ ಬದಿ ಗುಡ್ಡೆ ಗುಡ್ಡೆ ಸಿಪ್ಪೆ ನೋಡಿರ್ತೀರಿ, ಮಳೆ ಬಿದ್ರೆ ಕೊಳೆತು ನಾರತ್ತೆ, ಕೆಲವ್ರು ಬೆಂಕಿ ಹಚ್ತಾರೆ, ಆ ಹೊಗೆ ಎರಡು ದಿನ ಕಣಿವೇಲೇ ನಿಂತಿರತ್ತೆ. ಅಡಿಕೆ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆನೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ದಾಸಪ್ಪ ಅವರ ತಂಡ ಜೀವರಾಶಿಯನ್ನ (ಸಿಪ್ಪೆ, ಕಟ್ಟಿಗೆ, ಹೊಟ್ಟು ಥರದ್ದನ್ನ) ಆಮ್ಲಜನಕ ಮತ್ತು ಹಬೆ ಕೊಟ್ಟು ಗ್ಯಾಸ್ ಮಾಡಿ ಹೈಡ್ರೋಜನ್ ತೆಗೆಯೋ ವಿಧಾನ ಮಾಡಿದೆ, ಒಂದು ಕೆಜಿ ಜೀವರಾಶಿಗೆ 100 ಗ್ರಾಂ ಹೈಡ್ರೋಜನ್. ಜೀವರಾಶಿ ಒಳಗೆ ಇರೋದೇ 60 ಗ್ರಾಂ, ಉಳಿದದ್ದು ಹಬೆಯ ನೀರಿಂದ ಬರತ್ತೆ, ನಂಗೆ ಇದು ಓದಿದಾಗ ಬಹಳ ಖುಷಿ ಆಯ್ತು. ಇದ್ದಿಲು ಬಸ್ಸಿನ ಒಲೆಯ ಮೊಮ್ಮಗನೇ ಇದು, ಆದ್ರೆ ಲ್ಯಾಬಲ್ಲಿ ಬೆಳೆದು ಬಂದಿದೆ. ಲೆಕ್ಕ ಹಾಕಿ: ದಿನಕ್ಕೆ 250 ಕಿಲೋಮೀಟರ್ ಓಡೋ ಬಸ್ಸಿಗೆ 20 ಕೆಜಿ ಹೈಡ್ರೋಜನ್, ಅಂದ್ರೆ 200 ಕೆಜಿ ಒಣ ಸಿಪ್ಪೆ. ಐದು ಬಸ್ಸಿಗೆ ದಿನಕ್ಕೆ ಒಂದು ಟನ್, ಒಂದು ತಾಲೂಕಿಗೆ ಇದು ದೊಡ್ಡ ಗುಡ್ಡೆ ಅಲ್ಲ.

ಹಾಗಂತ ಸಲೀಸೂ ಅಲ್ಲ. ಸಿಪ್ಪೆ ನಾರು ನಾರು, ಹಗುರ, ಲಾರಿ ತುಂಬಿದ್ರೂ ತೂಕ ಬರಲ್ಲ, ಒಣಗಿಸಿ ಒತ್ತಿ ಪೆಲೆಟ್ ಮಾಡ್ಬೇಕು, ಜೂನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆನೇ ಒಣಗಲ್ಲ. ತೋಟಕ್ಕೆ ಗೊಬ್ಬರ, ಮುಚ್ಚಿಗೆ ಅಂತ ಬಳಸೋರೂ ಇದಾರೆ, ಅವ್ರಿಂದ ಕಿತ್ಕೊಳ್ಳಬಾರ್ದು. ಅದಕ್ಕಿಂತ ದೊಡ್ಡ ತಲೆನೋವು ಶುದ್ಧತೆ. ಫ್ಯುಯೆಲ್ ಸೆಲ್ಲಿಗೆ 99.97 ಪರ್ಸೆಂಟ್ ಶುದ್ಧ ಹೈಡ್ರೋಜನ್ ಬೇಕು, ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಪಾಲು ಮೀರಬಾರ್ದು, ಮೀರಿದ್ರೆ ಪ್ಲಾಟಿನಂಗೆ ಅಂಟ್ಕೊಂಡು ಸೆಲ್ಲನ್ನ ಉಸಿರು ಕಟ್ಟಿಸತ್ತೆ. ಸಿಪ್ಪೆ ಗ್ಯಾಸಲ್ಲಿ ಮಾನಾಕ್ಸೈಡು, ಟಾರು ಎಲ್ಲ ಇರತ್ತೆ, ಅದನ್ನ ಬೇರ್ಪಡಿಸೋದ್ರಲ್ಲೇ ಘಟಕದ ಅರ್ಧ ಜೀವ. ಇನ್ನೊಂದು ಎಚ್ಚರಿಕೆ ಇತಿಹಾಸದಿಂದ: ಭದ್ರಾವತಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಕುಲುಮೆ ಉರಿದಿದ್ದು ನಮ್ಮ ಕಾಡಿನ ಮರದ ಇದ್ದಿಲಿಂದ. ಸಿಪ್ಪೆ ಅಂತ ಶುರುವಾಗಿ ಸೌದೆ ಅಂತ ಆಗಬಾರ್ದು, ಘಟಕಕ್ಕೆ ಲೈಸೆನ್ಸ್ ಕೊಡೋವಾಗ್ಲೇ ಕಾಡಿನ ಮರ ಒಂದು ಕಡ್ಡಿನೂ ಒಳಗೆ ಬರಬಾರ್ದು ಅಂತ ಬರೀಬೇಕು.

ಈಗ ಘಾಟಿ. ಆಗುಂಬೇಲಿ 14 ಹೇರ್‌ಪಿನ್ ತಿರುವು, ಉದ್ದ ಬಸ್ಸು ತಿರುಗಲ್ಲ, ಅಲ್ಲಿ ಓಡೋದು ಮಿನಿ ಬಸ್ಸೇ. ಸೋಮೇಶ್ವರದಿಂದ ಮೇಲೆ ಬರೋವಾಗ ಡ್ರೈವರ್ ಹಿಂದಿನ ಸೀಟಲ್ಲಿ ಕೂತು ನೋಡಿದೀನಿ, ತಿರುವಿಗೆ ಮುಂಚೆ ಹಾರನ್ನು, ಫಸ್ಟ್ ಗೇರು, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಎಂಜಿನ್ ಕೂಗಿ, ಟೆಂಪರೇಚರ್ ಮುಳ್ಳು ಮೇಲೆ, ಮತ್ತೆ ಮುಂದಿನ ತಿರುವು. 10 ಟನ್ನಿನ ಬಸ್ಸನ್ನ 500 ಮೀಟರ್ ಮೇಲೆತ್ತೋಕೆ ಸುಮಾರು 14 ಯೂನಿಟ್ ಶಕ್ತಿ ಬೇಕು, ಬರೀ ಎತ್ತೋಕೆ. ಅಷ್ಟೊತ್ತು ಫುಲ್ ಲೋಡಲ್ಲಿ ಕೆಲಸ ಮಾಡೋ ಫ್ಯುಯೆಲ್ ಸೆಲ್ಲಿಗೆ ಬಿಸಿ ಹೊರಹಾಕೋದೇ ಕಷ್ಟ. ಡೀಸೆಲ್ ಎಂಜಿನ್ ಅರ್ಧ ಬಿಸಿನ ಹೊಗೆ ಕೊಳವೇಲೇ ಆಚೆ ಹಾಕತ್ತೆ, ಇದು ಓಡೋದೇ 60–80 ಡಿಗ್ರೀಲಿ, ಬಿಸಿ ಪೂರ್ತಿ ರೇಡಿಯೇಟರ್ ಮೂಲಕನೇ ಹೋಗ್ಬೇಕು, ಘಾಟೀಲಿ 20ರ ಸ್ಪೀಡಲ್ಲಿ ಗಾಳಿ ಎಲ್ಲಿಂದ ಬರ್ಬೇಕು. ಇಳಿಯೋವಾಗ ಉಲ್ಟಾ ಸಮಸ್ಯೆ. ಮೋಟಾರು ಬ್ರೇಕಾಗಿ ಕರೆಂಟ್ ವಾಪಸ್ ಮಾಡತ್ತೆ, ಆದ್ರೆ ಫ್ಯುಯೆಲ್ ಸೆಲ್ಲಿಗೆ ಕರೆಂಟ್ ಕೊಟ್ರೆ ಹೈಡ್ರೋಜನ್ ಆಗಲ್ಲ, ಆ ಸಣ್ಣ ಬ್ಯಾಟರಿನೇ ತಗೋಬೇಕು, ಅದು ಅರ್ಧ ಘಾಟಿಗೇ ತುಂಬಿ ಹೋದ್ರೆ ಉಳಿದ ಇಳಿಜಾರು ಪೂರ್ತಿ ಮಾಮೂಲಿ ಬ್ರೇಕು. ದೊಡ್ಡ ಬ್ಯಾಟರಿ ಬಸ್ಸು ಇದನ್ನ ಚೆನ್ನಾಗಿ ನುಂಗ್ಕೊಳ್ಳತ್ತೆ. ಅಂದ್ರೆ ಬೆಟ್ಟ ಅಂದ ತಕ್ಷಣ ಹೈಡ್ರೋಜನ್ನೇ ಸರಿ ಅನ್ನೋದು ತಪ್ಪು, ಬೆಟ್ಟದಲ್ಲಿ ಬ್ಯಾಟರಿಗೂ ಒಂದು ಕೈ ಮೇಲೆ ಇದೆ.

ಟಾಪಿನ ವಿಷಯ ಯಾರೂ ಮಾತಾಡಲ್ಲ, ಆದ್ರೆ ನಮ್ಮಲ್ಲಿ ದೊಡ್ಡದು. ಟಾಪಲ್ಲಿ ಸಿಲಿಂಡರ್ ಇದ್ರೆ ಅಲ್ಲಿ ಬಾಳೆಗೊನೆ, ಅಡಿಕೆ ಮೂಟೆ, ಪಶು ಆಹಾರದ ಚೀಲ ಹಾಕೋ ಹಾಗಿಲ್ಲ. ಒಳರಸ್ತೇಲಿ ಕೊಂಬೆಗಳು ಬಸ್ಸಿನ ತಲೆ ಸವರ್ಕೊಂಡೇ ಹೋಗ್ತವೆ, ಮಳೆಗಾಲದಲ್ಲಿ ಬಾಗಿದ ಬಿದಿರು ಬಡಿಯತ್ತೆ, ಆ ಸಿಲಿಂಡರಿಗೆ, ಪೈಪಿಗೆ ಎಂತ ಕವಚ ಬೇಕು ಅಂತ ಯುರೋಪಿನ ಸಿಟಿ ರೋಡಲ್ಲಿ ಓಡಿಸಿದೋರಿಗೆ ಗೊತ್ತಾಗೋಕೆ ಸಾಧ್ಯವೇ ಇಲ್ಲ. ಒದ್ದೆ ಗಾಳಿ ಮಾತ್ರ ಇದಕ್ಕೆ ಒಳ್ಳೇದೇ, ಪೊರೆ ಒಣಗಬಾರ್ದು, ಆಗುಂಬೆಯ ಗಾಳೀಲಿ ಅದ್ರ ಚಿಂತೆ ಇಲ್ಲ, ಲೇಹ್‌ನಲ್ಲಿದೆ.

ಸೇಫ್ಟಿ ಬಗ್ಗೆ ಜನ ಮೊದಲು ಕೇಳೋದು ಸ್ಫೋಟ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ, ಬಯಲಲ್ಲಿ ಲೀಕಾದ್ರೆ ಮೇಲೆ ಹೋಗಿ ಚದುರತ್ತೆ, ಡೀಸೆಲ್ ಥರ ನೆಲದಲ್ಲಿ ಹರಡಿ ಉರಿಯಲ್ಲ. ಅಪಾಯ ಇರೋದು ಮುಚ್ಚಿದ ಜಾಗದಲ್ಲಿ, ಮತ್ತೆ ಬಂಕಲ್ಲಿ. 2019ರ ಜೂನಲ್ಲಿ ನಾರ್ವೆಯ ಓಸ್ಲೋ ಹತ್ತಿರ ಒಂದು ಹೈಡ್ರೋಜನ್ ಬಂಕು ಸಿಡೀತು, ಕಾರಣ ಟ್ಯಾಂಕಿನ ಒಂದು ಪ್ಲಗ್ಗಿನ ಬೋಲ್ಟು ಸರಿಯಾಗಿ ಬಿಗಿ ಮಾಡಿರ್ಲಿಲ್ಲ. ನಮ್ಮ ಡಿಪೋ ಶೆಡ್ಡುಗಳ ತಗಡಿನ ಮಾಡಿನ ಮೂಲೇಲಿ ಗ್ಯಾಸ್ ನಿಲ್ಲದ ಹಾಗೆ ಕಿಂಡಿ, ಸೆನ್ಸರ್ ಬೇಕು, ಜ್ವಾಲೆ ಹಗಲಲ್ಲಿ ಕಣ್ಣಿಗೇ ಕಾಣಲ್ಲ, ವಾಸನೆನೂ ಇಲ್ಲ. ಡೀಸೆಲ್ ಎಂಜಿನ್ನನ್ನ ಕಿವೀಲಿ ಕೇಳಿ ರಿಪೇರಿ ಮಾಡೋ ಮೆಕ್ಯಾನಿಕ್‌ಗಳು ನಮ್ಮಲ್ಲಿದಾರೆ, ಅವ್ರಿಗೆ ಬಸ್ಸು ಬರೋ ಆರು ತಿಂಗಳು ಮುಂಚೆ ಟ್ರೈನಿಂಗ್ ಕೊಡ್ಬೇಕು, ಬಂದ್ಮೇಲೆ ಅಲ್ಲ.

ಹಾಗಾದ್ರೆ ಬ್ಯಾಟರಿನೇ ಸಾಕಲ್ವಾ? ಬಹಳ ರೂಟಿಗೆ ಸಾಕು. ಶಿವಮೊಗ್ಗ ಸಿಟಿ, ಭದ್ರಾವತಿ, ತೀರ್ಥಹಳ್ಳಿವರೆಗೆ ಕಣ್ಣು ಮುಚ್ಚಿ ಬ್ಯಾಟರಿ ಬಸ್ಸು ಹಾಕಬಹುದು, ಬೆಂಗಳೂರಿಂದ ಶಿವಮೊಗ್ಗಕ್ಕೆ ಎಲೆಕ್ಟ್ರಿಕ್ ಬಸ್ಸು ಆಗ್ಲೇ ಬಂದು ಹೋಗಿ ಮಾಡ್ತಿದೆ. ಆ ರೂಟಿಗೆ ಹೈಡ್ರೋಜನ್ ಟೆಸ್ಟ್ ಮಾಡೋದು ದುಡ್ಡು ದಂಡ. ಪ್ರಶ್ನೆ ಉಳಿಯೋದು ಹಾಲ್ಟಿಂಗ್ ಬಸ್ಸಿಗೆ. ರಾತ್ರಿ ನಿಲ್ಲೋ ಊರಲ್ಲಿ ಚಾರ್ಜರ್ ಇಲ್ಲ, ಹಾಕಿದ್ರೂ ಮಳೆಗಾಲದಲ್ಲಿ ಕರೆಂಟ್ ಇಲ್ಲ. ಸಂಜೆ ಎಪ್ಪತ್ತು ಕಿಲೋಮೀಟರ್ ಹೋಗಿ ಬೆಳಿಗ್ಗೆ ಎಪ್ಪತ್ತು ಬಂದು, ಮಧ್ಯಾಹ್ನ ಸಾಗರದಲ್ಲೋ ಶಿವಮೊಗ್ಗದಲ್ಲೋ ಎರಡು ಗಂಟೆ ಚಾರ್ಜಿಗೆ ನಿಲ್ಲಿಸೋ ಹಾಗೆ ಶೆಡ್ಯೂಲ್ ಮಾಡಿದ್ರೆ ಬ್ಯಾಟರಿಲೂ ಆಗಬಹುದು. ಆದ್ರೆ ಆ ಎರಡು ಗಂಟೆಯ ಟ್ರಿಪ್ ಯಾವ ಊರಿಂದ ಕಡಿತಾರೆ? ಹೈಡ್ರೋಜನ್ ಬಸ್ಸು ಹತ್ತು ಹದಿನೈದು ನಿಮಿಷದಲ್ಲಿ ತುಂಬ್ಕೊಂಡು ಹೊರಡತ್ತೆ, ಡೀಸೆಲ್ ಹಾಗೇ. ಹೈಡ್ರೋಜನ್‌ಗೆ ಮಲೆನಾಡಲ್ಲಿ ನಿಜವಾಗ್ಲೂ ಜಾಗ ಇದ್ರೆ ಅದು ಇಲ್ಲಿ, ಇಷ್ಟು ಸಣ್ಣ ಜಾಗ, ಆದ್ರೆ ಆ ಜಾಗದಲ್ಲಿರೋ ಜನಕ್ಕೆ ಅದೇ ಪೂರ್ತಿ ಜಗತ್ತು.

ಓಕ್‌ಲ್ಯಾಂಡಿನ ಎಸಿ ಟ್ರಾನ್ಸಿಟ್ ಅನ್ನೋ ಸಾರಿಗೆ ಸಂಸ್ಥೆ ಒಂದು ಚೆಂದದ ಕೆಲಸ ಮಾಡಿತ್ತು, ಡೀಸೆಲ್, ಹೈಬ್ರಿಡ್, ಬ್ಯಾಟರಿ, ಫ್ಯುಯೆಲ್ ಸೆಲ್ ಅಂತ ಬೇರೆ ಬೇರೆ ಜಾತಿಯ ಐದೈದು ಬಸ್ಸು ಒಂದೇ ಡಿಪೋದಿಂದ ಓಡಿಸಿ, ಖರ್ಚು, ಕೆಟ್ಟು ನಿಂತಿದ್ದು, ಎಷ್ಟು ದಿನ ರಸ್ತೇಲಿತ್ತು ಎಲ್ಲ ಬರೆದು ಪಬ್ಲಿಕ್ಕಿಗೆ ಬಿಟ್ರು. ನಮಗೆ ಬೇಕಾಗಿರೋದು ಅದೇ. ಸಾಗರದ ಒಂದು ಡಿಪೋ, ಡೀಸೆಲ್ ಐದು, ಬ್ಯಾಟರಿ ಐದು, ಫ್ಯುಯೆಲ್ ಸೆಲ್ ಐದು, ಮೂರೂ 9 ಮೀಟರಿನ ಸಣ್ಣ ಬಸ್ಸು, ವಾರಕ್ಕೊಮ್ಮೆ ರೂಟ್ ಅದಲು ಬದಲು, ಎಲ್ಲ ಜಾತಿಗೂ ಒಂದು ಹಾಲ್ಟಿಂಗ್ ಒಂದು ಘಾಟಿ. ಗ್ಯಾಸು 50 ಕಿಲೋಮೀಟರ್ ಒಳಗೇ ಹುಟ್ಟಿದ್ದಾಗಿರ್ಬೇಕು. ಟ್ರಯಲ್ ಬಸ್ಸು ಕೆಟ್ಟ ದಿನ ಟ್ರಿಪ್ ಕ್ಯಾನ್ಸಲ್ ಆಗದ ಹಾಗೆ ಒಂದು ಡೀಸೆಲ್ ಬಸ್ಸು ಡಿಪೋದಲ್ಲಿ ರೆಡಿ ನಿಂತಿರ್ಬೇಕು. ಈ ಮಾತು ಒತ್ತಿ ಹೇಳೋಕೆ ಕಾರಣ ಇದೆ, 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ ಎಷ್ಟೋ ಊರಿಗೆ ಬಸ್ಸೇ ಇಲ್ದಂಗಾಯ್ತು. ಇಲ್ಲಿ ಒಂದು ಬಸ್ಸು ನಿಂತ್ರೆ ಹೆಣ್ಣುಮಕ್ಕಳ ಕಾಲೇಜು ನಿಲ್ಲತ್ತೆ.

ಟೆಸ್ಟು ಶುರು ಮಾಡೋದು ಜೂನಲ್ಲಿ, ಡಿಸೆಂಬರಲ್ಲಲ್ಲ. ಡಿಸೆಂಬರಲ್ಲಿ ಯಾವ ಬಸ್ಸಾದ್ರೂ ಆಗುಂಬೆ ಹತ್ತತ್ತೆ. ಒಂದು ಪೂರ್ತಿ ಮಳೆಗಾಲ, ಒಂದು ಪೂರ್ತಿ ಕೊಯ್ಲು, ಫುಲ್ ಲೋಡಲ್ಲಿ, ಹೋಗಿ ಬಂದು ಆಗ್ಲಿ. ಪ್ರತೀ ತಿಂಗಳು ಕಿಲೋಮೀಟರಿಗೆ ಎಷ್ಟು ಕೆಜಿ ಗ್ಯಾಸು, ಎಷ್ಟು ಯೂನಿಟ್ಟು, ಎಷ್ಟು ದಿನ ಶೆಡ್ಡಲ್ಲಿ ನಿಂತಿತ್ತು, ಹಾಲ್ಟಿಂಗ್ ಊರಿಂದ ಬೆಳಿಗ್ಗೆ ಆರಕ್ಕೆ ಎಷ್ಟು ದಿನ ಸರಿಯಾಗಿ ಹೊರಡ್ತು ಅನ್ನೋದನ್ನ ಕನ್ನಡದಲ್ಲಿ ಬರೆದು, ಸಾಗರ ಬಸ್‌ಸ್ಟ್ಯಾಂಡಲ್ಲಿ ಟೈಮ್ ಟೇಬಲ್ ಪಕ್ಕದಲ್ಲೇ ಅಂಟಿಸ್ಲಿ.